ಆರು ಡಾಲರಿನ ಆಕಾಶ

ಗೃಹಪ್ರವೇಶಕ್ಕೆ ಮೊದಲೇ ಮನೆ ಕಟ್ಟಿಸುತ್ತಿದ್ದವನು ತೀರಿಕೊಂಡರೆ ನಮ್ಮಲ್ಲಿ ವಾಸ್ತು ಸರಿಯಿಲ್ಲ ಎಂದು ಬಾಗಿಲು ಕಿತ್ತು ಇನ್ನೊಂದು ಗೋಡೆಗೆ ಇಡಿಸುತ್ತಾರೆ. ಲಾಸ್ ವೇಗಸ್ಸಿನವರಿಗೆ ಆ ಗೊಡವೆ ಇಲ್ಲ. ಅಲ್ಲಿ ಸ್ಟಾರ್‌ಡಸ್ಟ್ ಎಂಬ ಕ್ಯಾಸಿನೊ ಹೋಟೆಲು ಕಟ್ಟಿಸುತ್ತಿದ್ದ ಟೋನಿ ಕಾರ್ನೆರೊ, 1955ರ ಜುಲೈ 31ರಂದು ರಸ್ತೆಯಾಚೆಯ ಡೆಸರ್ಟ್ ಇನ್ನಿನಲ್ಲಿ ದಾಳ ಆಡುತ್ತಿದ್ದಾಗಲೇ ಕುಸಿದು ಸತ್ತ. ತನ್ನದೇ ಕ್ಯಾಸಿನೊ ಮುಗಿಯುವ ತನಕ ತಡೆದುಕೊಳ್ಳುವ ತಾಳ್ಮೆ ಜೂಜುಗಾರನಿಗೆ ಎಲ್ಲಿಂದ ಬರಬೇಕು?

ಮನುಷ್ಯ ಸಾಮಾನ್ಯನಲ್ಲ. ಪಾನನಿಷೇಧದ ಕಾಲದಲ್ಲಿ ಕಳ್ಳಹೆಂಡ ಸಾಗಿಸಿದವನು. 1938ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾ ಕರಾವಳಿಯಾಚೆ 'ರೆಕ್ಸ್' ಎಂಬ ಹಡಗು ನಿಲ್ಲಿಸಿ, ಇಲ್ಲಿಗೆ ನಿಮ್ಮ ಕಾನೂನು ಮುಟ್ಟುವುದಿಲ್ಲ ಎಂದು ಅದರಲ್ಲೇ ಜೂಜು ನಡೆಸಿದ. ಮರುವರ್ಷ ಪೊಲೀಸರು ದೋಣಿಯಲ್ಲಿ ಬಂದರೆ, ಇವನ ಕಡೆಯವರು ಬೆಂಕಿ ಆರಿಸುವ ಪೈಪು ಹಿಡಿದು ಅವರ ಮೇಲೆ ನೀರೆರಚಿದರು. ಆ ದಾಳಿಗೆ ಕಳಿಸಿದ್ದ ಅರ್ಲ್ ವಾರೆನ್ ಮುಂದೆ ಅಮೆರಿಕದ ಮುಖ್ಯ ನ್ಯಾಯಮೂರ್ತಿಯಾದ. ನಮ್ಮ ಕಡೆಯಿಂದ ಗೋವಾಕ್ಕೆ ಬಸ್ಸು ಹತ್ತಿ ಹೋಗಿ ಮಾಂಡೋವಿ ನದಿಯ ಕ್ಯಾಸಿನೊ ಹಡಗು ಏರುವವರು ಈ ಪೂರ್ವಜನಿಗೆ ಒಂದು ಕೈ ಮುಗಿಯಬಹುದು.

ಹೋಟೆಲು ಕೊನೆಗೂ ಬೇರೆಯವರ ಕೈಯಲ್ಲಿ ಮುಗಿದು 1958ರ ಜುಲೈ 2ರಂದು ತೆರೆಯಿತು. ಸಾವಿರಕ್ಕೂ ಮಿಕ್ಕಿ ಕೋಣೆಗಳು. ಬಾಡಿಗೆ ದಿನಕ್ಕೆ 6 ಡಾಲರಿನಿಂದ ಶುರು. ನನಗೆ ಸ್ಟಾರ್‌ಡಸ್ಟ್ ಮೇಲೆ ಮಮತೆ ಹುಟ್ಟುವುದೇ ಇಲ್ಲಿ. ಸಿರಿವಂತರ ಜೇಬಿಗೆ ಬಲೆ ಬೀಸುವ ಊರಿನಲ್ಲಿ ಇದು ಸಣ್ಣ ಜೇಬಿನವರನ್ನೂ ಮರ್ಯಾದೆಯಿಂದ ಕರೆದು ಕೂರಿಸಿ ಬೋಳಿಸಿತು. ಕಟ್ಟಡ ಹೇಳಿಕೊಳ್ಳುವಂಥದ್ದಲ್ಲ, ಸಾಲಾಗಿ ಎರಡಂತಸ್ತಿನ ಕೋಣೆಗಳು. ಆದರೆ ಬೋರ್ಡು! 216 ಅಡಿ ಉದ್ದ. ನಡುವೆ ಭೂಮಿ, ಸುತ್ತ ಗ್ರಹಗಳು, ನಿಯಾನ್ ಕಿರಣಗಳು, ಸಾವಿರಾರು ಬಲ್ಬುಗಳು. ಒಳಗೆ ಪ್ಯಾರಿಸ್ಸಿನಿಂದ ತರಿಸಿದ 'ಲಿಡೊ' ನೃತ್ಯಪ್ರದರ್ಶನ. ಮಲಗಲು ಆರು ಡಾಲರು, ನೋಡಲು ಇಡೀ ಸೌರಮಂಡಲ.

ಆಮೇಲಿನ ಕಥೆ ಸಿನಿಮಾ ನೋಡಿದವರಿಗೆ ಗೊತ್ತು. ಎಪ್ಪತ್ತರ ದಶಕದಲ್ಲಿ ಇಲ್ಲಿ ಆಡಳಿತ ನಡೆಸಿದವನು ಫ್ರಾಂಕ್ ರೊಸೆಂತಾಲ್. ಕ್ಯಾಸಿನೊ ನಡೆಸಲು ಸರ್ಕಾರ ಲೈಸೆನ್ಸು ಕೊಡಲಿಲ್ಲ. ಅವನು ಮನರಂಜನಾ ನಿರ್ದೇಶಕ ಎಂಬಂಥ ಹುದ್ದೆಯ ಹೆಸರು ಹಾಕಿಕೊಂಡು ಅದೇ ಕುರ್ಚಿಯಲ್ಲಿ ಕೂತ. ಸಾಲದ್ದಕ್ಕೆ ಟಿವಿಯಲ್ಲಿ ತನ್ನದೇ ಒಂದು ಕಾರ್ಯಕ್ರಮ ಬೇರೆ. ಅವನನ್ನೇ ಆಧರಿಸಿ ಮಾರ್ಟಿನ್ ಸ್ಕಾರ್ಸೆಸಿ 1995ರಲ್ಲಿ 'ಕ್ಯಾಸಿನೊ' ಚಿತ್ರ ಮಾಡಿದ. ಅದರಲ್ಲೊಂದು ದೃಶ್ಯ: ಅವನ ಪಾತ್ರ ಮಾಡಿದ ರಾಬರ್ಟ್ ಡಿ ನೀರೊನ ಮಫಿನ್‌ನಲ್ಲಿ ಬ್ಲೂಬೆರಿ ಹಣ್ಣು ಕಾಣುವುದೇ ಇಲ್ಲ, ಎದುರಿಗೆ ಕೂತವನದರಲ್ಲಿ ತುಂಬಿ ತುಳುಕುತ್ತಿವೆ. ನೇರ ಅಡುಗೆಮನೆಗೆ ನುಗ್ಗಿ, ಇನ್ನು ಮುಂದೆ ಎಲ್ಲದರಲ್ಲೂ ಸಮನಾಗಿ ಹಣ್ಣಿರಬೇಕೆಂದು ಹುಕುಂ ಮಾಡುತ್ತಾನೆ. ಮದುವೆ ಮನೆಗಳಲ್ಲಿ ಪಕ್ಕದ ಎಲೆಯ ಕೇಸರಿಬಾತಿಗೆ ನಾಲ್ಕು ಗೋಡಂಬಿ, ನನ್ನದಕ್ಕೆ ಬರೀ ರವೆ ಬೀಳುವುದನ್ನು ಕಂಡು ಬಾಯಿ ಮುಚ್ಚಿಕೊಂಡ ನಾನು ಈ ವಿಷಯದಲ್ಲಿ ಪೂರ್ತಿ ಅವನ ಪಕ್ಷ.

ಗೋಡಂಬಿಯ ನ್ಯಾಯ ಗಲ್ಲಾಪೆಟ್ಟಿಗೆಗೆ ಇರಲಿಲ್ಲ. ಸ್ಲಾಟ್ ಯಂತ್ರಗಳ ಚಿಲ್ಲರೆಯನ್ನು ಎಣಿಸುತ್ತಿರಲಿಲ್ಲ, ತೂಗುತ್ತಿದ್ದರು. ಆ ತೂಕದ ಯಂತ್ರ ಕಡಿಮೆ ತೋರಿಸುತ್ತಿತ್ತು. ತೂಕಕ್ಕೆ ಸಿಗದ ಹಣ ಮಾಫಿಯಾದವರಿಗೆ ಹೋಗುತ್ತಿತ್ತು. 1982ರಲ್ಲಿ ರೊಸೆಂತಾಲನ ಕಾರಿಗೆ ಬಾಂಬಿಟ್ಟರು. ಸೀಟಿನಡಿ ಇದ್ದ ಲೋಹದ ಹಲಗೆ ಅವನ ಜೀವ ಉಳಿಸಿತು. 1985ರಲ್ಲಿ ಬಾಯ್ಡ್ ಕುಟುಂಬದ ಕಂಪನಿ ಹೋಟೆಲನ್ನು ಕೊಂಡಿತು. ವ್ಯವಹಾರ ನೆಟ್ಟಗಾಯಿತು, ಕಥೆ ಸಪ್ಪೆಯಾಯಿತು.

2006ರ ನವೆಂಬರ್ 1ರಂದು ಬಾಗಿಲು ಹಾಕಿದರು. ಮರುವರ್ಷ ಮಾರ್ಚಿನಲ್ಲಿ, ನಡುರಾತ್ರಿ ಕಳೆದ ಮೇಲೆ, ಮೊದಲು ಪಟಾಕಿ ಹಾರಿಸಿ ಆಮೇಲೆ ಸ್ಫೋಟಕದಿಂದ ಕೆಡವಿದರು. ಬೀಳಿಸುವುದಕ್ಕೂ ಟಿಕೆಟ್ಟಿಲ್ಲದ ಪ್ರದರ್ಶನ! ಜಾಗದಲ್ಲಿ ಏಳಬೇಕಿದ್ದ ಹೊಸ ಹೋಟೆಲು 2008ರ ಆರ್ಥಿಕ ಕುಸಿತಕ್ಕೆ ಸಿಕ್ಕಿ ಅರ್ಧಕ್ಕೇ ನಿಂತಿತು. ಬೋರ್ಡಿನ ಅಕ್ಷರಗಳು ಮಾತ್ರ ಊರಿನ ನಿಯಾನ್ ಮ್ಯೂಸಿಯಂ ಸೇರಿದವು.

ನಿವೇಶನವನ್ನು ಕೊನೆಗೆ 2013ರಲ್ಲಿ ಕೊಂಡವರು ಮಲೇಷ್ಯಾದ ಗೆಂಟಿಂಗ್ ಕಂಪನಿಯವರು. 2021ರಲ್ಲಿ ಅಲ್ಲಿ ರೆಸಾರ್ಟ್ಸ್ ವರ್ಲ್ಡ್ ತೆರೆದರು. ಗೆಂಟಿಂಗ್ ಎಂದರೆ ನಮ್ಮವರಿಗೆ ಪರಕೀಯವಲ್ಲ. ಸಿಂಗಪುರ-ಮಲೇಷ್ಯಾ ಪ್ಯಾಕೇಜ್ ಟೂರಿನಲ್ಲಿ ಕೇಬಲ್ ಕಾರು ಹತ್ತಿಸಿ ಬೆಟ್ಟದ ಮೇಲಿನ ಅವರ ಕ್ಯಾಸಿನೊ ಊರಿಗೆ ಕರೆದೊಯ್ಯುತ್ತಾರಲ್ಲ, ಅದೇ. ನಮ್ಮ ಬೀದಿಯ ನಿವೃತ್ತ ಮೇಷ್ಟರು ಹೋಗಿ ಬಂದಿದ್ದರು. ಹೇಗಿತ್ತು ಸಾರ್ ಎಂದೆ.

"ಬಹಳ ಚಳಿ ಕಣ್ರೀ. ಹೋಗೋದಾದ್ರೆ ಸ್ವೆಟರ್ ಮರೀಬೇಡಿ."

"ಕ್ಯಾಸಿನೊ ಒಳಗೆ ಹೋಗಲಿಲ್ವಾ?"

ಮೇಷ್ಟರು ಪಕ್ಕದಲ್ಲಿ ಹುರುಳಿಕಾಯಿ ಬಿಡಿಸುತ್ತಿದ್ದ ಹೆಂಡತಿಯ ಕಡೆ ಒಮ್ಮೆ ನೋಡಿದರು.

"ಹೋಗಿದ್ದೆ," ಎಂದರು. "ಟಾಯ್ಲೆಟ್ಟಿಗೆ."

"ಮುಕ್ಕಾಲು ಗಂಟೆ," ಎಂದರು ಆಕೆ, ತಲೆ ಎತ್ತದೆ.