ಅಧ್ಯಕ್ಷರ ತಲೆಯ ಮೇಲೆ ಒಂದು ಹಗಲು

ಸಂಸಾರಸ್ಥನೊಬ್ಬ 'ಒಬ್ಬನೇ ಬೆಟ್ಟ ಹತ್ತಿ ಬರ್ತೀನಿ' ಎಂದರೆ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ 'ಯಾಕೆ' ಎಂಬುದಲ್ಲ, 'ಕಾರು ಯಾರ ಹತ್ರ ಇರುತ್ತೆ' ಎಂಬುದು. ಅದೊಂದು ಇತ್ಯರ್ಥವಾದರೆ ಉಳಿದದ್ದು ಯಾರಿಗೂ ಬೇಡ. ಬಾಸ್ಟನ್ನಿನ ನಮ್ಮ ಅಡುಗೆಮನೆಯ ಟೇಬಲ್ಲಿನ ಮೇಲೆ ನಕಾಶೆ ಹರಡಿ ನಾನು ಭಾಷಣ ಶುರುಮಾಡಿದೆ. ನ್ಯೂ ಹ್ಯಾಂಪ್‌ಶೈರಿನ ವೈಟ್ ಮೌಂಟನ್ಸ್‌ನಲ್ಲಿ ಅಮೆರಿಕದ ಅಧ್ಯಕ್ಷರ ಹೆಸರು ಹೊತ್ತ ಶಿಖರಗಳು ಸಾಲಾಗಿ ನಿಂತಿವೆ: ಮ್ಯಾಡಿಸನ್, ಆಡಮ್ಸ್, ಜೆಫರ್ಸನ್, ವಾಷಿಂಗ್ಟನ್, ಮನ್ರೋ, ಐಸೆನ್‌ಹೋವರ್, ಪಿಯರ್ಸ್. ಎಲ್ಲವನ್ನೂ ಒಂದೇ ಹಗಲಲ್ಲಿ ದಾಟುವುದು. ಸುಮಾರು 30 ಕಿಲೋಮೀಟರ್ ನಡಿಗೆ, ಏರಿದ್ದನ್ನೆಲ್ಲ ಕೂಡಿಸಿದರೆ ಎರಡೂವರೆ ಸಾವಿರ ಮೀಟರ್. ಹೆಂಡತಿ ಅದೇ ಟೇಬಲ್ಲಿನಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. "ಆ ಜೆಫರ್ಸನ್ ಸ್ವಲ್ಪ ಆಚೆ ಸರಿಸಿ, ಕಡ್ಡಿ ಹಾಕ್ಬೇಕು" ಎಂದಳು.

ಚಿಕ್ಕಮಗಳೂರಿನಿಂದ ಬಂದಿದ್ದ ನಮ್ಮತ್ತೆ ಮಾತ್ರ ಕಿವಿಗೊಟ್ಟು ಕೇಳಿದರು. "ಎಲ್ಲಕ್ಕಿಂತ ದೊಡ್ಡದು ಎಷ್ಟೆತ್ತರ?"

"ವಾಷಿಂಗ್ಟನ್, 1,917 ಮೀಟರ್. ಅಮೆರಿಕದ ಈಶಾನ್ಯಕ್ಕೆಲ್ಲ ಅದೇ ದೊಡ್ಡದು."

"ಅಷ್ಟೇನಾ? ನಮ್ಮ ಮುಳ್ಳಯ್ಯನಗಿರಿ ಇದಕ್ಕಿಂತ ಜಾಸ್ತಿ. ಅಲ್ಲಿಗೆ ಜನ ಕೂಸನ್ನೆತ್ಕೊಂಡು ಹೋಗಿ ಹಣ್ಣುಕಾಯಿ ಮಾಡಿಸ್ಕೊಂಡು ಬರ್ತಾರೆ."

ಫೋನಿನಲ್ಲಿ ಹುಡುಕಿದೆ. ನಿಜ, ಹತ್ತು ಮೀಟರಿನಷ್ಟು ಹೆಚ್ಚೇ. ಎತ್ತರದಲ್ಲಿ ಸೋತವನು ಗಾಳಿಯನ್ನು ಹಿಡಿದುಕೊಂಡೆ. 1934ರ ಏಪ್ರಿಲ್ 12ರಂದು ವಾಷಿಂಗ್ಟನ್ ಶಿಖರದ ಮೇಲೆ ಗಂಟೆಗೆ 372 ಕಿಲೋಮೀಟರ್ ವೇಗದ ಗಾಳಿ ಬೀಸಿತ್ತು, ಅರವತ್ತು ವರ್ಷಕ್ಕೂ ಮೀರಿ ಆ ದಾಖಲೆಯನ್ನು ಯಾವ ಗಾಳಿಯೂ ಮುರಿಯಲಿಲ್ಲ, ಅಲ್ಲಿನ ಕಟ್ಟಡವೊಂದನ್ನು ಇವತ್ತಿಗೂ ಸರಪಳಿ ಹಾಕಿ ನೆಲಕ್ಕೆ ಕಟ್ಟಿದ್ದಾರೆ ಎಂದೆಲ್ಲ ಹೇಳಿದೆ. ಅತ್ತೆಯವರ ಮುಖದಲ್ಲಿ ನಾನು ಬಯಸಿದ್ದ ಗಾಬರಿ ಕಾಣಿಸಿಕೊಂಡಿತು. ಎದ್ದು ಒಳಗೆ ಹೋಗಿ, ಮಾವನವರದೊಂದು ಮಂಕಿ ಕ್ಯಾಪ್ ತಂದು ನನ್ನ ಕೈಗಿಟ್ಟರು.

ನಾನು ಸಿದ್ಧತೆಯನ್ನು ಶಾಸ್ತ್ರೋಕ್ತವಾಗಿ ಮಾಡಿಕೊಂಡಿದ್ದೆ. ಈಗಿನ ಚಾರಣಿಗರ ಧರ್ಮವೆಂದರೆ ಹಗುರ. ಚೀಲದ ಒಂದೊಂದು ಗ್ರಾಮನ್ನೂ ಲೆಕ್ಕ ಹಾಕುತ್ತಾರೆ, ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನೇ ಅರ್ಧಕ್ಕೆ ಕತ್ತರಿಸುತ್ತಾರೆ. ನಾನೂ ಕತ್ತರಿಸಿದೆ. ಬೆಳಗ್ಗೆ ಹೋಗಿ ರಾತ್ರಿ ಬರುವವನಿಗೆ ಬ್ರಷ್ಷೇ ಬೇಡ ಎನ್ನುವುದು ಬೇರೆ ಮಾತು, ಶ್ರದ್ಧೆ ಮುಖ್ಯ. ಹೀಗೆ ಇಪ್ಪತ್ತು ಗ್ರಾಂ ಉಳಿಸಿದ ಚೀಲದೊಳಕ್ಕೆ ಹಿಂದಿನ ರಾತ್ರಿ ಮೋಟೆಲಿನಲ್ಲಿ ಅತ್ತೆಯವರು ಸ್ಟೀಲಿನ ಎರಡು ಡಬ್ಬ ಇಳಿಸಿದರು. ಒಂದರಲ್ಲಿ ಮೊಸರನ್ನ, ಇನ್ನೊಂದರಲ್ಲಿ ಗಟ್ಟಿ ಕೋಡುಬಳೆ. ಪಕ್ಕದ ಜೇಬಿಗೆ ಅಮೃತಾಂಜನ.

ಹೆಂಡತಿಯ ಪ್ರೀತಿ ಬೇರೆ ಬಗೆಯದು. ನ್ಯೂ ಹ್ಯಾಂಪ್‌ಶೈರಿನಲ್ಲಿ ಬೇಜವಾಬ್ದಾರಿಯಿಂದ ಬೆಟ್ಟದಲ್ಲಿ ಸಿಕ್ಕಿಕೊಂಡರೆ ಕಾಪಾಡಿದ ಖರ್ಚನ್ನು ಸರ್ಕಾರ ನಮ್ಮಿಂದಲೇ ವಸೂಲಿ ಮಾಡಬಹುದು. ಅದರಿಂದ ತಪ್ಪಿಸಿಕೊಳ್ಳಲು ಒಂದು ಕಾರ್ಡುಂಟು: ಒಬ್ಬರಿಗೆ 25 ಡಾಲರ್, ಕುಟುಂಬಕ್ಕೆಲ್ಲ 35. ಹೆಂಡತಿ 25ರದ್ದೇ ಕೊಂಡಳು. ಇನ್ನು ಹತ್ತು ಡಾಲರಿಗೆ ಎಲ್ಲರಿಗೂ ಆಗ್ತಿತ್ತಲ್ಲ ಎಂದರೆ, "ನಮಗ್ಯಾರಿಗೂ ಆ ಕಾಯಿಲೆ ಇಲ್ಲ" ಎಂದಳು. ಆಮೇಲೆ ಷರತ್ತುಗಳನ್ನು ಗಟ್ಟಿಯಾಗಿ ಓದಿದಳು: ತೀರಾ ಹುಚ್ಚಾಟ ಮಾಡಿದರೆ ಈ ಕಾರ್ಡೂ ಕಾಯುವುದಿಲ್ಲ.

ಜೂನ್ ಕೊನೆಯ ವಾರ, ಬೆಳಕು ಹರಿಯುವ ಮುಂಚೆ ಅಪಲಾಚಿಯಾ ಎಂಬಲ್ಲಿ ನನ್ನನ್ನು ಇಳಿಸಿ ಅವಳು ಕಾರು ತಿರುಗಿಸಿದಳು. ಅವಳು, ಅತ್ತೆ, ಮಗಳು ಎಲ್ಲ ನಾರ್ತ್ ಕಾನ್‌ವೇಗೆ ಬಟ್ಟೆ ಕೊಳ್ಳಲು ಹೋಗುವುದು, ರಾತ್ರಿ ಕ್ರಾಫರ್ಡ್ ಕಣಿವೆಯಲ್ಲಿ ನನ್ನನ್ನು ಕರೆದುಕೊಳ್ಳುವುದು ಎಂದು ಒಪ್ಪಂದ. ಆ ರಾಜ್ಯದಲ್ಲಿ ಸೇಲ್ಸ್ ಟ್ಯಾಕ್ಸ್ ಇಲ್ಲ. ನನ್ನ ಸಾಹಸಕ್ಕೆ ಮನೆಯವರ ಒಪ್ಪಿಗೆ ಸಿಕ್ಕಿದ್ದರಲ್ಲಿ ಈ ತೆರಿಗೆ ನೀತಿಯ ಪಾತ್ರ ದೊಡ್ಡದು.

ಮರಗಳು ಗಿಡ್ಡವಾಗಿ, ಮಂಡಿಯೆತ್ತರಕ್ಕೆ ಕುಗ್ಗಿ, ಕಡೆಗೆ ಇಲ್ಲವೇ ಆಗುವ ಕಡೆ ಒಂದು ಹಳದಿ ಫಲಕ ಸಿಗುತ್ತದೆ. ಇಲ್ಲಿಂದಾಚೆ ದೇಶದಲ್ಲೇ ಕೆಟ್ಟ ಹವೆ, ಬೇಸಿಗೆಯಲ್ಲೂ ಜನ ಪ್ರಾಣ ಬಿಟ್ಟಿದ್ದಾರೆ, ಹವೆ ಕೆಟ್ಟಿದ್ದರೆ ಈಗಲೇ ಹಿಂದಿರುಗಿ ಎಂಬರ್ಥದ ಎಚ್ಚರಿಕೆ. ಆಕಾಶ ನೋಡಿದೆ. ಒಂದು ತುಣುಕು ಮೋಡವಿಲ್ಲ. ಆ ನೆಪವೂ ಹೋಯಿತು.

ಅಲ್ಲಿಂದ ಮುಂದೆ ದಾರಿ ಎಂಬುದಿಲ್ಲ, ಬರೀ ಬಂಡೆ. ಗುತ್ತಿಗೆದಾರ ಬಿಲ್ ಪಾಸ್ ಮಾಡಿಸಿಕೊಂಡು ಅರ್ಧಕ್ಕೇ ಬಿಟ್ಟುಹೋದ ರಸ್ತೆಯ ಹಾಗೆ ಮೈಲಿಗಟ್ಟಲೆ ಚೂಪು ಕಲ್ಲು. ಹಿಮ ಸಾವಿರಾರು ವರ್ಷ ಸೀಳಿ ಸೀಳಿ ಒಟ್ಟಿದ್ದು. ಅದರ ಮೇಲೆ ಹಸಿರು ಕಲ್ಲುಹೂವು. ನಡುನಡುವೆ ಯಾರೋ ಪುಣ್ಯಾತ್ಮರು ಪೇರಿಸಿಟ್ಟ ಕಲ್ಲುಗುಪ್ಪೆಗಳೇ ದಾರಿಯ ಗುರುತು. ಒಂದೊಂದು ಕಲ್ಲಿಗೆ ಕಾಲಿಡುವಾಗಲೂ ಅದು ಅಲ್ಲಾಡುತ್ತದೋ ಇಲ್ಲವೋ ಎಂದು ವಿಚಾರಿಸಿಕೊಳ್ಳಬೇಕು. ನಾನು ಹಾರಿದಾಗಲೆಲ್ಲ ಬೆನ್ನ ಹಿಂದೆ ಸ್ಟೀಲ್ ಡಬ್ಬಗಳು ಢಣ್ ಎನ್ನುತ್ತಿದ್ದವು. ಮ್ಯಾಡಿಸನ್ ಇಳಿಯುವಾಗ ಎದುರಾದ ಹುಡುಗನೊಬ್ಬ ಕರಡಿ ಓಡಿಸುವ ಗಂಟೆಯೇ ಎಂದು ಗೌರವದಿಂದ ಕೇಳಿದ. ಹೌದೆಂದೆ.

ಆಡಮ್ಸ್ ಏರುವ ಹೊತ್ತಿಗೆ ಗಾಳಿ ಹೆಚ್ಚಾಗಿ, ಮಂಕಿ ಕ್ಯಾಪ್ ತಲೆಗೇರಿತ್ತು. ಶಿಖರದಲ್ಲಿ ಯಾರೂ ಇಲ್ಲ. ಇಂಥ ಏಕಾಂತಕ್ಕೇ ಅಲ್ಲವೇ ಬಂದದ್ದು ಎಂದು ಕಣ್ಣುಮುಚ್ಚಿದೆ. ಕೆಳಗೆ ಕಾಡಿನಲ್ಲಿ ಸತ್ತುಹೋಗಿದ್ದ ಸಿಗ್ನಲ್ಲಿಗೆ ಈ ಎತ್ತರದಲ್ಲಿ ಜೀವ ಬಂದು ಫೋನು ಗುಂಯ್‌ಗುಟ್ಟಿತು. "ಗ್ಯಾಸ್ ಬಿಲ್ಲಿನ ಪಾಸ್‌ವರ್ಡ್ ಏನು?" ಕಳಿಸಿದೆ. "ಇದಲ್ಲ." ಇನ್ನೊಂದು ಕಳಿಸಿದೆ. ಅಮೆರಿಕದ ಎರಡನೆಯ ಅಧ್ಯಕ್ಷರ ತಲೆಯ ಮೇಲೆ ಕೂತು, ಗಾಳಿಗೆ ಬೆನ್ನು ಕೊಟ್ಟು, ನಾಯಿಯ ಹೆಸರಿನ ಮುಂದೆ ಯಾವ ಇಸವಿ ಹಾಕಿದ್ದೆನೆಂದು ನೆನಪಿಸಿಕೊಳ್ಳುತ್ತಾ ಮೊಸರನ್ನ ತಿಂದೆ. ಒಗ್ಗರಣೆಯ ಕರಿಬೇವನ್ನು ಗಾಳಿ ಹಾರಿಸಿಕೊಂಡು ಹೋಯಿತು.

ಜೆಫರ್ಸನ್ ಬಗ್ಗೆ ಹೇಳುವಂಥದ್ದಿಲ್ಲ. ಮಂಡಿ ನೋವು ಅಲ್ಲಿ ಶುರುವಾಯಿತು.

ಈ ಹೆಸರುಗಳ ಕಥೆ ನಮ್ಮ ನಗರಸಭೆಗಳಿಗೆ ಪಾಠವಾಗಬಲ್ಲದು. ಐಸೆನ್‌ಹೋವರ್ ಶಿಖರಕ್ಕೆ ಮೊದಲು ಬೇರೆಯೇ ಹೆಸರಿತ್ತು, ಪಿಯರ್ಸ್‌ಗೂ ಅಷ್ಟೇ. ಹತ್ತಿರದ ಜಾಕ್ಸನ್ ಶಿಖರ ಅಧ್ಯಕ್ಷ ಜಾಕ್ಸನ್ನನದೇ ಅಲ್ಲ, ಒಬ್ಬ ಭೂವಿಜ್ಞಾನಿಯದು. ಜೆಫರ್ಸನ್ ದಾಟಿದರೆ ಕ್ಲೇ. ಈ ಹೆನ್ರಿ ಕ್ಲೇ ಅಧ್ಯಕ್ಷ ಚುನಾವಣೆಗೆ ಮೂರು ಸಲ ನಿಂತು ಮೂರು ಸಲವೂ ಸೋತವನು. 2003ರಲ್ಲಿ ರಾಜ್ಯದವರು ಅವನನ್ನು ಕೆಳಗಿಳಿಸಿ ರೇಗನ್ ಹೆಸರಿಟ್ಟರು; 2010ರಲ್ಲಿ ಕೇಂದ್ರದವರು ಒಪ್ಪಲಿಲ್ಲ. ಶಿಖರ ಬೇಟೆಗಾರರ ಪಟ್ಟಿಯಲ್ಲೂ ಇದಕ್ಕೆ ಜಾಗವಿಲ್ಲ, ಆದ್ದರಿಂದ ಹೆಚ್ಚಿನವರು ಬದಿಯಿಂದ ಹಾದುಹೋಗುತ್ತಾರೆ. ಮನೆಯಲ್ಲಿ ಟೀವಿ ರಿಮೋಟಿಗಾಗಿ ನಿಂತು ಸದಾ ಸೋಲುವ ನನಗೆ ಹಾಗೆ ಹೋಗಲು ಮನಸ್ಸಾಗಲಿಲ್ಲ. ಹತ್ತಿ ಕೈಮುಗಿದೆ. ಮಂಡಿ ಮಾತ್ರ ಈ ಸಹಾನುಭೂತಿಯನ್ನು ಒಪ್ಪಲಿಲ್ಲ.

ಕ್ಲೇ ಇಳಿದರೆ ಪಕ್ಕದಲ್ಲೇ ರೈಲು ಹಳಿ. ಹಲ್ಲುಗಾಲಿಯಿಂದ ಹಳಿಯನ್ನು ಕಚ್ಚಿಕೊಂಡು ಬೆಟ್ಟವೇರುವ ಈ ರೈಲು 1869ರಿಂದ ಓಡುತ್ತಿದೆ, ಜಗತ್ತಿನಲ್ಲಿ ಈ ಬಗೆಯದರಲ್ಲಿ ಮೊದಲನೆಯದು. ನಡೆದು ಬರುವವರಿಗೆ ಇದರಲ್ಲಿ ಕೂತು ಬರುವವರ ಮೇಲೆ ಹಳೆಯ ತಾತ್ಸಾರ. ರೈಲು ಬಂದಾಗ ಬೆನ್ನು ತಿರುಗಿಸಿ, ಚಡ್ಡಿ ಜಾರಿಸಿ, ತಮ್ಮ ಅಭಿಪ್ರಾಯವನ್ನು ಪ್ರದರ್ಶಿಸುವ ಸಂಪ್ರದಾಯವೂ ಇತ್ತು. ಅಷ್ಟರಲ್ಲಿ ರೈಲು ಏದುಸಿರು ಬಿಡುತ್ತ ಬಂತು. ಬೆಳಗಿನಿಂದ ಬಂಡೆ ಹಾರಿದ್ದ ನನ್ನ ಮೈಯಲ್ಲಿ ಒಂಥರಾ ಕ್ಷಾತ್ರ ತೇಜಸ್ಸು ಉಕ್ಕಿತ್ತು, ಸುತ್ತ ನರಪಿಳ್ಳೆ ಇರಲಿಲ್ಲ, ಬೆಲ್ಟು ಹೇಗೂ ಸಡಿಲವಾಗಿತ್ತು. ಅದೃಷ್ಟಕ್ಕೆ ನಾನು ಯಾವ ಕೆಲಸವನ್ನೂ ಬೇಗ ನಿರ್ಧರಿಸುವವನಲ್ಲ. ಎರಡನೆಯ ಕಿಟಕಿಯಲ್ಲಿ ಅತ್ತೆಯವರಿದ್ದರು.

ಮೊದಲು ಗುರುತಿಸಿದ್ದು ಅವರೇ; ಮಂಕಿ ಕ್ಯಾಪಿನಿಂದ. ಗಾಜಿನಾಚೆ ಬಾಯಿ ಆಡುತ್ತಿತ್ತು, ಕೈ ಕತ್ತಿನ ಸುತ್ತ ತಿರುಗುತ್ತಿತ್ತು. ಮಫ್ಲರ್ ಸುತ್ತಿಕೋ ಎಂದು.

ವಾಷಿಂಗ್ಟನ್ ತುದಿ ಮುಟ್ಟಿದಾಗ ಶಿಖರದ ಫಲಕದ ಮುಂದೆ ಫೋಟೋಗೆ ಉದ್ದದ ಸರತಿ. ಕಾರಿನಲ್ಲಿ ಬಂದವರು, ರೈಲಿನಲ್ಲಿ ಬಂದವರು, ಐಸ್‌ಕ್ರೀಮು ಹಿಡಿದವರು. ಬೆವರಿನಿಂದ ನೆಂದವನಿಗೆ ಮೀಸಲಾತಿ ಇಲ್ಲ. ನಮ್ಮವರು ಆಗಲೇ ಮುಂದೆ ತಲುಪಿದ್ದರು. ಬಟ್ಟೆ ಕೊಳ್ಳಲು ಹೋಗಿದ್ದಿರಲ್ಲ ಎಂದರೆ, "ಅಂಗಡಿ ಹತ್ತಕ್ಕೆ ತೆಗೆಯೋದು, ಅಲ್ಲೀವರೆಗೆ ಏನ್ಮಾಡೋದು" ಎಂದಳು ಹೆಂಡತಿ. ಅತ್ತೆಯವರು ರೇಷ್ಮೆ ಸೀರೆಯ ಮೇಲೆ ಮೊಮ್ಮಗಳ ಜಾಕೆಟ್ ತೊಟ್ಟು ಸುತ್ತ ಕಣ್ಣಾಡಿಸಿ, "ಮುಳ್ಳಯ್ಯನಗಿರಿಯಲ್ಲಿ ಗಾಳಿ ಇದಕ್ಕಿಂತ ಚೆನ್ನಾಗಿರುತ್ತೆ" ಎಂದು ತೀರ್ಪು ಕೊಟ್ಟರು. ಖಾಲಿಯಾಗಿದ್ದ ಡಬ್ಬಕ್ಕೆ ಚಿತ್ರಾನ್ನ ತುಂಬಿದರು.

ಮಗಳಿಗೆ ಕರುಣೆ ಬಂತು. "ಅಪ್ಪಾ, ವಾಪಸ್ ಟ್ರೇನಲ್ಲಿ ಸೀಟು ಇದೆಯಾ ಕೇಳ್ಲಾ?" ನಾನು ದೂರದ ಬೆಟ್ಟಗಳನ್ನು ನೋಡುತ್ತಾ ಮೌನವಾಗಿ ನಿಂತೆ. ಅವಳು ಓಡಿಹೋಗಿ ಓಡಿಬಂದಳು. "ಇಲ್ವಂತೆ." "ಛೆ ಛೆ, ಇದ್ದಿದ್ರೂ ನಾನೆಲ್ಲಿ ಬರ್ತಿದ್ದೆ" ಎಂದೆ.

ಮನ್ರೋ, ಐಸೆನ್‌ಹೋವರ್, ಪಿಯರ್ಸ್ ಮೂವರನ್ನೂ ಬೈಯುತ್ತಲೇ ದಾಟಿದೆ. ಕ್ರಾಫರ್ಡ್ ತಂದೆ ಮಗ ಸೇರಿ 1819ರಲ್ಲಿ ಕಡಿದ ಹಾದಿಯದು. ಅಂದಿನಿಂದ ಜನ ನಡೆಯುತ್ತಲೇ ಇದ್ದಾರಂತೆ. ಇಳಿಜಾರಿನಲ್ಲಿ ಹಿಮ್ಮುಖವಾಗಿ ನಡೆದವರು ಎಷ್ಟು ಜನರೋ. ಕತ್ತಲಲ್ಲಿ ಕಾರಿನ ಬಾಗಿಲು ತೆಗೆದಾಗ ಕಾಲು ಮಡಚಲು ಬರದೆ, ಹಿಂದಿನ ಸೀಟಿನಲ್ಲಿ ಬಟ್ಟೆಯ ಚೀಲಗಳ ಮೇಲೆ ನನ್ನನ್ನು ಅಡ್ಡಲಾಗಿ ಮಲಗಿಸಿದರು.

ಮುಂದಿನ ಸೀಟಿನಲ್ಲಿ ಅತ್ತೆಯವರು ಚಿಕ್ಕಮಗಳೂರಿನ ತಂಗಿಗೆ ವಿಡಿಯೋ ಕಾಲ್ ಮಾಡಿ ಫೋಟೋ ವಿವರ ಹೇಳುತ್ತಿದ್ದರು. "ನಾವೆಲ್ಲ ಇಲ್ಲಿಯ ದೊಡ್ಡ ಬೆಟ್ಟ ಹತ್ತಿದ್ವಿ ಕಣೆ. ಅಳಿಯಂದ್ರೂ ಬಂದಿದ್ರು, ಹಿಂದಿನಿಂದ ನಡ್ಕೊಂಡು."

"ಅಯ್ಯೋ, ಯಾಕೆ ನಡ್ಕೊಂಡು?"

ಅತ್ತೆ ಒಮ್ಮೆ ತಿರುಗಿ ನನ್ನನ್ನು ನೋಡಿ ದನಿ ತಗ್ಗಿಸಿದರು. "ಟಿಕೆಟ್ ತುಂಬಾ ದುಬಾರಿ ಕಣೆ, ಪಾಪ."