ಯಳಂದೂರಿನ ಸನದು, ಕೊಳ್ಳೇಗಾಲದ ಕಡತ

ಲಿನಕ್ಸ್ ಗಣಕದಲ್ಲಿ ಸರ್ವಾಧಿಕಾರಿಯಾದ ‘ರೂಟ್’ನ ಅಧಿಕಾರವನ್ನು ಸಾಧಾರಣ ಬಳಕೆದಾರನಿಗೆ ಒಂದು ಆದೇಶದ ಮಟ್ಟಿಗೆ ಎರವಲು ಕೊಡಿಸುವ ‘ಸೂಡೂ’ ಎಂಬ ತಂತ್ರಾಂಶವನ್ನು 1980ರ ಸುಮಾರಿಗೆ ಅಮೆರಿಕದ ಬಫಲೋ ನಗರದ ವಿಶ್ವವಿದ್ಯಾಲಯದಲ್ಲಿ ಬಾಬ್ ಕಾಗ್‌ಶಾಲ್ ಮತ್ತು ಕ್ಲಿಫ್ ಸ್ಪೆನ್ಸರ್ ಎಂಬವರು ರಚಿಸಿದರು. ಆದೇಶದ ಮುಂದೆ ಅದನ್ನು ಅಂಟಿಸಿದೊಡನೆ ಎಂಥ ಸಂಕೋಚದ ಗೃಹಸ್ಥನ ಬೆನ್ನೂ ನೆಟ್ಟಗಾಗುತ್ತದೆ. ಆ ಬೆನ್ನು ಮತ್ತೆ ಬಾಗುವ ಪ್ರಸಂಗವೇ ಇಲ್ಲಿ ವಿಚಾರಾರ್ಹ.

ಗಣಕಗಳ ಹೆಸರು, ವಿಳಾಸಗಳನ್ನು ಬರೆದಿಡುವ, ರೂಟ್‌ನ ಒಡೆತನದ ‘ಹೋಸ್ಟ್ಸ್’ ಕಡತಕ್ಕೆ ಒಂದು ಸಾಲು ಸೇರಿಸಬಯಸುವ ಬಳಕೆದಾರನು ಕೊಟ್ಟ ಮಾತನ್ನು ಮರುನುಡಿಯುವ ‘ಎಕೊ’ ಆದೇಶಕ್ಕೆ ಸೂಡೂ ಅಂಟಿಸಿ ‘ಸೂಡೂ ಎಕೊ’ ಎಂದು ಟೈಪಿಸಿ, ಸಾಲನ್ನು ಬರೆದು, ಅದನ್ನು ಕಡತದತ್ತ ತಿರುಗಿಸುವ ಎರಡು ಬಾಣದ ಗುರುತು ಹಾಕಿ, ಎಂಟರ್ ಒತ್ತಿ, ಪಾಸ್‌ವರ್ಡ್ ಕೊಡಲು ಬೆರಳುಗಳನ್ನು ಸಜ್ಜುಗೊಳಿಸಿ ಕೂರುತ್ತಾನೆ. ಪಾಸ್‌ವರ್ಡನ್ನು ಯಾರೂ ಕೇಳುವುದೇ ಇಲ್ಲ. ‘ಪರ್ಮಿಷನ್ ಡಿನೈಡ್’, ಅಂದರೆ ಅನುಮತಿ ಇಲ್ಲ, ಎಂಬ ಉತ್ತರವಷ್ಟೇ ಬರುತ್ತದೆ. ಕೀಲಿಗಳನ್ನು ಇನ್ನಷ್ಟು ಗಟ್ಟಿಯಾಗಿ ಕುಟ್ಟಿದರೆ ಗಣಕಕ್ಕೆ ಭಯ ಹುಟ್ಟೀತೆಂದು ಅವನು ಅದನ್ನೇ ಮತ್ತೆ ಬರೆಯುತ್ತಾನೆ. ಒಂದು ಸೂಡೂ ಸಾಲದೆಂದು ಅದರ ಮುಂದೆ ಇನ್ನೊಂದು ಸೂಡೂ ಸೇರಿಸುತ್ತಾನೆ. ಎರಡು ಸೂಡೂಗಳೂ ಸೋತಾಗ, ಮನೆಯಲ್ಲಿ ಯಾರೂ ನೋಡುತ್ತಿಲ್ಲವೆಂದು ಖಚಿತಪಡಿಸಿಕೊಂಡು, ಪರದೆಗೆ ಬೈಯುತ್ತಾನೆ.

ಬಾಣವನ್ನು ಓದುವುದು ಸೂಡೂ ಅಲ್ಲ, ಆದೇಶಗಳನ್ನು ಅರ್ಥೈಸುವ ಶೆಲ್. ಸೂಡೂ ಏಳುವ ಮೊದಲೇ ಅದು ಬಳಕೆದಾರನ ಬಡ ಹೆಸರಿನಲ್ಲಿ ಕಡತದ ಕದ ತಟ್ಟಿ ಬೈಸಿಕೊಂಡು ಬಂದಿರುತ್ತದೆ. ಇದಕ್ಕೊಂದು ಹಳೆಯ ಹೋಲಿಕೆಯುಂಟು: 1807ರಲ್ಲಿ ಮೈಸೂರಿನ ದಿವಾನ್ ಪೂರ್ಣಯ್ಯನವರಿಗೆ ಯಳಂದೂರು ಜಹಗೀರಾಗಿ ದೊರೆತಾಗ ಪಕ್ಕದ ಕೊಳ್ಳೇಗಾಲ, ಹನೂರು ಸೀಮೆ ಕಂಪನಿ ಸರ್ಕಾರದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದರಿಂದ ಆ ಜಹಗೀರಿನ ಸನದು ಗಡಿಯಾಚೆ ಬರಿಯ ಕಾಗದವಾಗಿತ್ತು. ಸೂಡೂವಿನ ಸನದೂ ಬಾಣದಾಚೆಗೆ ನಡೆಯದು. ಕೊಳ್ಳೇಗಾಲವು 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿ ಆ ಗಡಿ ಅಳಿಯಿತು, ಶೆಲ್‌ನ ಗಡಿ ಅಳಿದಿಲ್ಲ. ಆದ್ದರಿಂದ ಎಕೊದ ಮಾತನ್ನು ಪೈಪಿನ ಮೂಲಕ, ಕಡತವನ್ನು ರೂಟ್‌ನ ಹೆಸರಿನಲ್ಲಿ ತಾನೇ ತೆರೆದು ಬರೆಯುವ ‘ಸೂಡೂ ಟೀ’ಗೆ ಒಪ್ಪಿಸಬೇಕು, ‘ಟೀ’ಯ ನಂತರ ‘-ಎ’ ಮರೆತರೆ ಹಳೆಯ ಬರಹವೆಲ್ಲ ಅಳಿಸಿಹೋಗುತ್ತದೆ.

ಕಡತಕೋಶ ಬದಲಿಸುವ ‘ಸಿಡಿ’ ಆದೇಶಕ್ಕೆ ಅಂಟಿಸಿದ ‘ಸೂಡೂ ಸಿಡಿ’ ಎಂಬುದು ನಡೆಯದಿರುವುದಕ್ಕೂ, ಬಳಕೆದಾರ ಆದೇಶಗಳಿಗೆ ತಾನೇ ಇಟ್ಟುಕೊಂಡ ಅಡ್ಡಹೆಸರುಗಳು ಸೂಡೂವಿಗೆ ತಿಳಿಯದಿರುವುದಕ್ಕೂ ಕಾರಣ ಇದೇ: ಅವೆರಡೂ ಶೆಲ್‌ನ ಮನೆಯೊಳಗಿನ ವ್ಯವಹಾರ. ಇಂಥ ಸಂದರ್ಭದಲ್ಲೆಲ್ಲ ಕಡತವನ್ನು ‘777’ಕ್ಕೆ, ಅಂದರೆ ಎಲ್ಲರೂ ಓದಿ, ತಿದ್ದಿ, ನಡೆಸಬಹುದಾದ ಸ್ಥಿತಿಗೆ, ಬದಲಿಸಿಬಿಡಿ ಎಂದು ಉಪದೇಶಿಸುವ ಪಂಡಿತರ ಸಂತತಿಯೊಂದಿದೆ, ಬೀಗ ಗಟ್ಟಿಯಾಯಿತೆಂದು ಬಾಗಿಲನ್ನೇ ಕಿತ್ತೆಸೆಯುವ ಈ ವಿದ್ವತ್ತು ನಗುವ ವಿಷಯವಲ್ಲ. ಯಾರಿಗೆ ಎಷ್ಟು ಅಧಿಕಾರವೆಂದು ಬರೆದಿರುವ ‘ಸೂಡೋಯರ್ಸ್’ ಕಡತದಲ್ಲಿ ಒಂದು ತಪ್ಪು ನುಸುಳಿದರೂ ಸೂಡೂ ಕೈಕೊಡುವುದುಂಟು, ಆಗ ಅದನ್ನು ತಿದ್ದುವುದಕ್ಕೂ ಸೂಡೂ ಒದಗುವುದಿಲ್ಲ. ಓದುಗರು ಆ ಕಡತವನ್ನು, ಉಳಿಸುವ ಮೊದಲು ವ್ಯಾಕರಣ ಪರೀಕ್ಷಿಸುವ ‘ವಿಸೂಡೂ’ವಿನಿಂದಲೇ ತೆರೆಯಬೇಕೆಂದು ವಿನಂತಿ.