ಗಲ್ಲಾಪೆಟ್ಟಿಗೆಯ ಮುಂದೆ ಮರಾಠಿ

(ಮುಂಬೈಯ ಮಾಟುಂಗಾ. ಉಡುಪಿ ಹೋಟೆಲಿನ ಗಲ್ಲಾದಲ್ಲಿ ಅಣ್ಣ. ಎದುರಿಗೆ, ಗಿರಗಾಂವ್ ಚಾಳಿನ ಖೋಲಿ ಬಿಟ್ಟು ಡೊಂಬಿವಲಿ ಸೇರಿದ ಕಾಕಾ.)

ಕಾಕಾ: ಮರಾಠಿ ಮುಗೀತು ಅಣ್ಣಾ. ಹೊರಗಿನವರು ನುಂಗಿಬಿಟ್ಟರು.

ಅಣ್ಣ: ಎಲ್ಲಿ ಮುಗೀತು? 2011ರ ಜನಗಣತಿಯಲ್ಲೇ ಎಂಟು ಕೋಟಿ ದಾಟಿದ್ರಿ, ದೇಶಕ್ಕೇ ಮೂರನೆಯವರು. 2024ರಲ್ಲಿ ಶಾಸ್ತ್ರೀಯ ಭಾಷೆಯ ಪಟ್ಟವೂ ಸಿಕ್ತು.

ಕಾಕಾ: ಪಟ್ಟ ಕಟ್ಟಿ ಏನು ಮಾಡೋದು? ನಮ್ಮ ಬೀದಿಯ ಮರಾಠಿ ಶಾಲೇಲಿ ಮಕ್ಕಳೇ ಇಲ್ಲ.

ಅಣ್ಣ: ನಿಮ್ಮ ಮೊಮ್ಮಗ?

ಕಾಕಾ: ಅವನದು ಇಂಟರ್‌ನ್ಯಾಷನಲ್ ಸ್ಕೂಲು. ಭಾಷೆಯ ಭವಿಷ್ಯಕ್ಕೂ ಹುಡುಗನ ಭವಿಷ್ಯಕ್ಕೂ ಗಂಟು ಹಾಕಬೇಡಿ.

(ಮಾಣಿಗೆ ಹಿಂದಿಯಲ್ಲಿ ಕಾಫಿ ಹೇಳುತ್ತಾರೆ. ಬಿಹಾರದ ಮಾಣಿ ಮರಾಠಿಯಲ್ಲಿ ಉತ್ತರಿಸುತ್ತಾನೆ. ಕಾಕಾ ಗಮನಿಸುವುದಿಲ್ಲ.)

ಅಣ್ಣ: ಒಂದನೇ ತರಗತಿಗೆ ಹಿಂದಿ ಬೇಡ ಅಂತ 2025ರಲ್ಲಿ ಸರ್ಕಾರದ ಆದೇಶವನ್ನೇ ವಾಪಸ್ ತೆಗೆಸಿದ್ರಲ್ಲ?

ಕಾಕಾ: ಅದು ಶಾಲೆಗೆ. ಟ್ಯಾಕ್ಸಿಯವನ ಹತ್ರ ಮರಾಠಿ ಆಡ್ತಾ ನಿಂತರೆ ಲೋಕಲ್ ತಪ್ಪುತ್ತೆ!

(ಇದೇ ವಾದ ಬೆಂಗಳೂರಿನ ಆಟೋ ಸ್ಟ್ಯಾಂಡಿನಲ್ಲೂ ಕೇಳಸಿಗುತ್ತದೆ, ಇರಲಿ.)

ಅಣ್ಣ: ನನ್ನ ಬೋರ್ಡು ನೋಡಿ, ಮರಾಠಿ ಅಕ್ಷರವೇ ದಪ್ಪ.

ಕಾಕಾ: ಕಾನೂನಿನ ಭಯ!

ಅಣ್ಣ: ಭಯವೋ ಭಕ್ತಿಯೋ, ಪೇಂಟ್ ಅಂತೂ ಒಂದೇ. ಅಂದಹಾಗೆ, ಫೆಬ್ರವರಿ 27, ಕವಿ ಕುಸುಮಾಗ್ರಜರ ಹುಟ್ಟುಹಬ್ಬ, ಮರಾಠಿ ದಿನ. ನಿಮ್ಮ ಸೊಸೈಟೀಲಿ ಏನಾದ್ರೂ?

ಕಾಕಾ: ಭರ್ಜರಿ! ಫೇಟಾ, ಲೇಜಿಮ್ ಎಲ್ಲ ಇದೆ. ಮೊಮ್ಮಗನದೇ ಭಾಷಣ. ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಟ್ಟಿದ್ದೀನಿ. ಭಾನುವಾರ ಕರ್ಕೊಂಡು ಬರ್ತೀನಿ, ಉಚ್ಚಾರ ಸ್ವಲ್ಪ ನೀವೇ ತಿದ್ದಿಬಿಡಿ ಅಣ್ಣಾ.